ಕೊಡೆಯ ಹಿಂದಿನ ಮುಖ

ಸತ್ತವರ ಕಣ್ಣು ತೆರೆಸುವುದು ನನ್ನ ಕೆಲಸವಾಗಿತ್ತು. ಹೀಗೆ ಶುರು ಮಾಡಿದರೆ ಓದುವವರಲ್ಲಿ ಅರ್ಧ ಜನ ಇಲ್ಲೇ ಎದ್ದು ಹೋಗುತ್ತಾರೆ ಎಂದು ಮನೆಯಲ್ಲಿ ಎಚ್ಚರಿಸಿದರು. ಹೋಗುವವರು ಹೋಗಲಿ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಈ ಮಾತು ಕಿವಿಗೆ ಬಿದ್ದ ಕೂಡಲೇ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿದ್ದರು. ಅದರಿಂದ ನನಗೇನೂ ನಷ್ಟವಾಗಲಿಲ್ಲ.

ಕೋಲಾರದ ಪೇಟೆಯಲ್ಲಿ ಅಪ್ಪನಿಗೊಂದು ಫೋಟೋ ಸ್ಟುಡಿಯೋ ಇತ್ತು. ಆ ಕಾಲದಲ್ಲಿ ಬದುಕಿರುವಾಗ ಫೋಟೋ ತೆಗೆಸಿಕೊಂಡವರು ಕಡಿಮೆ. ತೆಗೆಸಿದರೆ ಆಯಸ್ಸು ಸವೆಯುತ್ತದೆ ಎಂಬ ಹೆದರಿಕೆ. ಹಾಗಾಗಿ ಮನೆಯ ಹಿರಿಯರು ಹೋದ ದಿನವೇ ಅಪ್ಪನಿಗೆ ಕರೆ ಬರುತ್ತಿತ್ತು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಪೇಟ ಸುತ್ತಿ, ಹೊಸ ಪಂಚೆ ಹೊದಿಸಿರುತ್ತಿದ್ದರು. ಅಪ್ಪ ಕ್ಯಾಮರಾದ ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಅಭ್ಯಾಸ ಬಲದಿಂದ, "ಅಲ್ಲಾಡ್ಬೇಡಿ" ಎನ್ನುತ್ತಿದ್ದರು. ಫೋಟೋದಲ್ಲಿ ಮುಚ್ಚಿಕೊಂಡಿದ್ದ ಕಣ್ಣನ್ನು ಆಮೇಲೆ ಸ್ಟುಡಿಯೋದಲ್ಲಿ ಕುಳಿತು ಸಣ್ಣ ಕುಂಚದಿಂದ ನಾನು ತೆರೆಸಬೇಕು.

ಕಣ್ಣನ್ನು ಮನಸ್ಸಿಗೆ ಬಂದಂತೆ ಬರೆಯುವ ಹಾಗಿರಲಿಲ್ಲ. ತಮ್ಮನೋ ಮಗಳೋ, ಯಾರ ಕಣ್ಣು ಸತ್ತವರನ್ನು ಹೋಲುತ್ತದೆಂದು ಮನೆಯವರೆಲ್ಲ ಒಪ್ಪುತ್ತಾರೋ ಅವರು ಬಂದು ನನ್ನೆದುರು ಕೂರಬೇಕು. ಅವರ ಕಣ್ಣನ್ನು ನೋಡಿ ನಾನು ಸತ್ತವರ ಮುಖದಲ್ಲಿ ಬರೆಯಬೇಕು. ಇದಕ್ಕೆ ನಮ್ಮಲ್ಲಿ ಕಣ್ಣು ಕೊಡುವುದು ಎನ್ನುತ್ತಿದ್ದರು. ಇನ್ನೊಂದು ಕಟ್ಟುಪಾಡೂ ಇತ್ತು. ಕಣ್ಣು ನೆಟ್ಟಗೆ ನೋಡಬೇಕು. ಪಟವನ್ನು ಗೋಡೆಗೆ ಹಾಕಿದ ಮೇಲೆ ಮನೆಯವರು ಯಾವ ಮೂಲೆಯಲ್ಲಿ ನಿಂತರೂ ಹಿರಿಯರು ತಮ್ಮನ್ನೇ ನೋಡುತ್ತಿರಬೇಕು. ಪಕ್ಕಕ್ಕೆ ನೋಡಿದರೆ, "ನಮ್ಮಪ್ಪ ನಮ್ ಮೇಲೆ ಮುನಿಸ್ಕೊಂಡವ್ರೆ" ಎಂದು ಪಟ ವಾಪಸ್ಸು ತರುತ್ತಿದ್ದರು. ವರ್ಷಗಟ್ಟಲೆ ಮಾಡಿ ಮಾಡಿ ಈ ಕೆಲಸ ನನ್ನ ಕೈಗೆ ಅಂಟಿಕೊಂಡುಬಿಟ್ಟಿತ್ತು.

ಆಗ ನಮ್ಮ ಕಡೆ ಪತ್ತೇದಾರಿ ಕಾದಂಬರಿಗಳ ಒಂದು ಸಾಲು ಹೊರಡುತ್ತಿತ್ತು. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಕಳ್ಳೇಕಾಯಿ ಬುಟ್ಟಿಯ ಪಕ್ಕದಲ್ಲಿ ಸಿಗುವ ತೆಳ್ಳನೆಯ ಪುಸ್ತಕಗಳು. ಪತ್ತೇದಾರ ಆನೆಯಂಥ ಆಸಾಮಿ. ನಾಯಿ ಕಂಡರೆ ತನ್ನ ಪುಟ್ಟ ಶಿಷ್ಯನ ಹಿಂದೆ ಅಡಗುತ್ತಾನೆ. ಕಳ್ಳ ಸಿಕ್ಕಿಬೀಳುವ ಹೊತ್ತಿಗೆ ಸರಿಯಾಗಿ ಮನೆ ನಡುಗುವಂತೆ ಸೀನುತ್ತಾನೆ. ಒಂದು ಕಥೆಯಲ್ಲಿ ರಾಗಿ ಕಳ್ಳನನ್ನು ಹಿಡಿಯಲು ಖಾಲಿ ಹಗೇವಿನೊಳಗೆ, ಅಂದರೆ ನೆಲದಡಿ ಕಾಳು ತುಂಬಿಡುವ ಗುಂಡಿಯೊಳಗೆ ಇಳಿದು ಅಲ್ಲೇ ನಿದ್ದೆ ಹೋಗುತ್ತಾನೆ. ಭೂಮಿಯೊಳಗಿಂದ ಬಂದ ಗೊರಕೆ ಕೇಳಿ ಕಳ್ಳ ತಾನಾಗಿಯೇ ಕಾಲಿಗೆ ಬೀಳುತ್ತಾನೆ. ಪ್ರತಿ ಪುಸ್ತಕದ ಕೊನೆಗೂ ಪತ್ತೇದಾರ ಶಿಷ್ಯನನ್ನು ಕೇಳುವುದು ಒಂದೇ ಮಾತು: "ನಗು ಬಂತೇನ್ಲಾ?" ಶಿಷ್ಯನ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ಕಥೆ ಅಲ್ಲಿಗೇ ಮುಗಿಯುತ್ತದೆ. ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಆ ಮಾತನ್ನು ಆಡದ ಬಾಯಿರಲಿಲ್ಲ. ಓದುಗರೆಲ್ಲ ಆ ಪತ್ತೇದಾರನನ್ನು ಮಾವ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಒಂದು ದಿನ ಆ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದ ಯಜಮಾನರು ಸ್ಟುಡಿಯೋಗೆ ಬಂದರು. ಅವರ ತಾಯಿಯ ಪಟಕ್ಕೆ ಕಣ್ಣು ಬರೆದವಳು ನಾನೇ.

"ಓದೋಕ್ ಬರೋರು ಎಷ್ಟ್ ಜನಮ್ಮ? ಓದ್ಸಿ ಕೇಳೋರೇ ಜಾಸ್ತಿ. ನೀನು ಹಗೇವಿನ ಕಥೇನ ಪೂರ್ತಿ ಚಿತ್ರದಲ್ಲೇ ಹೇಳ್ಬಿಡು. ಪುಟಕ್ಕೆ ಆರು ಚೌಕ. ಕೆಳಗೊಂದು ಮಾತು. ಹೆಂಗಸ್ರು ಮಕ್ಳು ಎಲ್ಲಾ ತಗೊಳ್ತಾರೆ."

ಹಾಗೆ ಮೊದಲಿನಿಂದ ಕೊನೆಯವರೆಗೆ ಚಿತ್ರದಲ್ಲೇ ನಡೆಯುವ ಕನ್ನಡ ಕಾದಂಬರಿಯನ್ನು ನಾನು ಕಂಡಿರಲಿಲ್ಲ. ಖುಷಿಯಿಂದ ಒಪ್ಪಿಕೊಂಡೆ. ಆ ಪುಸ್ತಕ ಅಚ್ಚಾಗಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅಂಗಡಿಯಲ್ಲಿ ಹುಡುಕುವುದು ಬೇಡ.

ಕಳ್ಳನನ್ನು ಬರೆದೆ, ಶಿಷ್ಯನನ್ನು ಬರೆದೆ, ಹಗೇವಿನ ಬಾಯಿ ಮುಚ್ಚುವ ಕಲ್ಲನ್ನೂ ಬರೆದೆ. ಮಾವನ ಮುಖಕ್ಕೆ ಬಂದಾಗ ಕೈ ನಿಂತಿತು. ಮೂಗು ಹೇಗಿತ್ತು ಎಂದು ನೋಡಲು ಪುಸ್ತಕ ತೆರೆದೆ. ಇಲ್ಲ. ಇನ್ನೊಂದು ಪುಸ್ತಕ ತೆರೆದೆ. ಅದರಲ್ಲೂ ಇಲ್ಲ. ಸಾಲಿನ ಎಲ್ಲ ಪುಸ್ತಕಗಳನ್ನೂ ಮತ್ತೆ ಓದಿದೆ. ಅವನು ಬಾಗಿಲಿಗೆ ಬಂದಾಗ ಮುಖದ ಮುಂದೆ ಕೊಡೆ ಇರುತ್ತದೆ. ಕುಳಿತಾಗ ಪತ್ರಿಕೆ, ಊಟಕ್ಕೆದ್ದಾಗ ಬಾಳೆಲೆ, ಓಡುವಾಗ ಒಂದು ಮೊರವಾದರೂ ಅಡ್ಡ ಇರುತ್ತದೆ. ಹೊಟ್ಟೆ ಇದೆ, ಪಾದ ಇದೆ, ಸೀನು ಇದೆ. ಮುಖ ಒಂದು ಸಾಲಿನಲ್ಲೂ ಇಲ್ಲ. ಮಾತಿನಲ್ಲಿ ಇದನ್ನು ಎಷ್ಟು ಚೆನ್ನಾಗಿ ಮರೆಮಾಡಬಹುದು ಎಂದರೆ ನಾನು ನಗುನಗುತ್ತಾ ಓದಿದ್ದೆನೇ ಹೊರತು ಒಂದು ಸಲವೂ ಅನುಮಾನ ಪಟ್ಟಿರಲಿಲ್ಲ. ಮನೆಗೆ ದಿನಾ ಬಂದುಹೋಗುವ ನೆಂಟ ಇಷ್ಟು ವರ್ಷ ನನಗೆ ಬೆನ್ನು ಮಾತ್ರ ತೋರಿಸಿದ್ದಾನೆ ಎಂದು ಈಗ ಹೊಳೆಯಿತು.

ಎಲ್ಲ ಚೌಕಗಳಲ್ಲೂ ಕೊಡೆಯನ್ನೇ ಬರೆದು ಕೊಟ್ಟೆ. ಯಜಮಾನರು ಒಪ್ಪಲಿಲ್ಲ. "ಕೊಡೆ ನೋಡೋಕ್ ಯಾರಮ್ಮ ಬರ್ತಾರೆ?" ಎಂದರು. ಕೊನೆಗೆ ಅಪ್ಪನನ್ನು ಕರೆದುಕೊಂಡು ಆ ಕಾದಂಬರಿಗಳನ್ನು ಬರೆದವರನ್ನೇ ನೋಡಲು ಮುಳಬಾಗಿಲಿಗೆ ಹೋದೆ.

ಅವರು ಕೆಲಸದಿಂದ ನಿವೃತ್ತರಾದ ಶಾಲಾ ಮೇಷ್ಟ್ರು. ಬಂಡೆಗಳ ಬೆಟ್ಟಕ್ಕೆ ಮುಖಮಾಡಿದ ಮನೆ. ನಗಿಸುವ ಪುಸ್ತಕ ಬರೆಯುವವರು ನಗುಮುಖದವರಾಗಿರುತ್ತಾರೆ ಎಂದುಕೊಂಡಿದ್ದ ನನಗೆ ಮೊದಲು ಕಂಡಿದ್ದು ಅವರ ಕಣ್ಣು. ನನ್ನ ಕಡೆ ನೋಡುತ್ತಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಅಂಥ ಕಣ್ಣನ್ನು ನಾನು ಬೇಗ ಗುರುತಿಸುತ್ತೇನೆ.

"ಮೇಷ್ಟ್ರೇ, ನಿಮ್ ಮಾವನಿಗೆ ಮುಖ ಯಾಕಿಲ್ಲ?" ಎಂದು ನೇರವಾಗಿ ಕೇಳಿದೆ.

ಅವರು ಬೆಟ್ಟದ ಕಡೆ ಮುಖ ತಿರುಗಿಸಿದರು. "ಗೊತ್ತಿದ್ರೆ ತಾನೇ ಬರೆಯೋದು? ಅವನು ನಮ್ಮಣ್ಣ ಕಣಮ್ಮ. ನಾನು ಸಣ್ಣೋನಾಗಿದ್ದಾಗ ಪ್ಲೇಗಲ್ಲಿ ಹೋದ. ನಡಿಗೆ ನೆನಪಿದೆ, ಸೀನು ನೆನಪಿದೆ, ದನಿ ನೆನಪಿದೆ. ಮುಖ ಮಾತ್ರ ಮರ್ತ್‌ಹೋಗಿದೆ. ಬರೀತಾ ಬರೀತಾ ಎಲ್ಲೋ ಒಂದ್ಕಡೆ ಸಿಗ್ತಾನೆ ಅನ್ಕೊಂಡೆ. ಸಿಗ್ಲಿಲ್ಲ. ಈಗ ನನ್ ಕಣ್ಣೇ ಹೋಗ್ತಾ ಇದೆ. ಪೊರೆ ಅಲ್ಲ, ತೆಗೆಯೋಕಾಗಲ್ಲ ಅಂತ ಡಾಕ್ಟ್ರು ಹೇಳವ್ರೆ. ಪೂರ್ತಿ ಕತ್ತಲಾಗೋದ್ರೊಳಗೆ ಒಂದೇ ಒಂದ್ಸಲ ಅವನ ಮುಖ ನೋಡ್ಬೇಕು. ಚಿತ್ರದ ಪುಸ್ತಕಕ್ಕೆ ಒಪ್ಕೊಂಡಿದ್ದೇ ಅದಕ್ಕೆ."

ನನಗೆ ಸಿಟ್ಟು ಬಂತು. ಯಾರೂ ನೆನಪಿಟ್ಟುಕೊಳ್ಳದ ಮುಖವನ್ನು ಬರೆ ಎಂದರೆ ಎಲ್ಲಿಂದ ತರಲಿ? ಆದರೆ ಆ ದೊಡ್ಡ ಮನುಷ್ಯರು ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಕುಳಿತಿದ್ದನ್ನು ನೋಡಿ ಚೀಲದಿಂದ ಪೆನ್ಸಿಲು ತೆಗೆದೆ. ಬಾಯಿಗೆ ಬಂದದ್ದು ಸ್ಟುಡಿಯೋದ ಮಾತೇ.

"ಕಣ್ಣು ಕೊಡೋರು ಯಾರಿದಾರೆ?"

ಇಬ್ಬರಿದ್ದರು. ರಾಯಲ್ಪಾಡಿನಲ್ಲಿ ಮೇಷ್ಟ್ರ ಅಕ್ಕ. ಮಾಲೂರಿನ ಹತ್ತಿರ ಲಕ್ಕೂರಿನಲ್ಲಿ ಆ ಅಕ್ಕನ ಮಗ. ಮಗನಿಗೆ ತೀರಿಹೋದ ಸೋದರಮಾವನ ಕಳೆ ಇದೆ ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ.

ಪೆಟ್ರೋಲು ಸಿಗದ ಆ ದಿನಗಳ ಇದ್ದಿಲು ಗ್ಯಾಸಿನ ಬಸ್ಸು ಏರುಗಳಲ್ಲಿ ನಿಂತು ನಿಂತು ನಮ್ಮನ್ನು ಶ್ರೀನಿವಾಸಪುರ ದಾಟಿಸಿ ರಾಯಲ್ಪಾಡಿನ ಕಡೆ ಇಳಿಸುವಾಗ ನಡುಮಧ್ಯಾಹ್ನ. ಮೇಷ್ಟ್ರ ಅಕ್ಕ ಮಾವಿನ ತೋಪಿನ ಅಂಚಿನ ಮನೆಯ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬಂದ ವಿಷಯ ಹೇಳಿದೆ. "ಮಾ ಅನ್ನ," ಎಂದು ತೆಲುಗಿನಲ್ಲೇ ಶುರು ಮಾಡಿ, ಅಪ್ಪನ ಮುಖ ನೋಡಿ ಕನ್ನಡಕ್ಕೆ ಬಂದರು.

"ನಮ್ಮಣ್ಣನಿಗೆ ಕುತ್ತಿಗೇಲಿ ಗೆಡ್ಡೆ ಎದ್ದು ಮುಖವೆಲ್ಲಾ ಊದ್ಕೊಂಡಿತ್ತಮ್ಮ. ಹೊಲದಲ್ಲಿ ಬೇರೆ ಗುಡಿಸ್ಲು ಹಾಕಿ ಮಡಗಿದ್ರು. ಅಮ್ಮ ಒಬ್ಳೇ ಹೋಗ್ತಿದ್ಲು. ತಮ್ಮ ಸಣ್ಣೋನು, ಅಣ್ಣ ಬೇಕು ಅಂತ ದಿನಾ ಬದುವಿನ ಈಚೆ ನಿಂತ್ಕೊಂತಿದ್ದ. ಮುಖ ಕಂಡ್ರೆ ಹೆದರ್ಕೊಂತಾನೆ ಅಂತ ನಮ್ಮಣ್ಣ ಕೊಡೆ ಅಡ್ಡ ಹಿಡ್ಕೊಂಡೇ ಹೊರಕ್ ಬರ್ತಿದ್ದ. ಕೊಡೇನ ಗಿರಗಿರ ತಿರುಗಿಸ್ತಿದ್ದ, ಕುಣೀತಿದ್ದ, ಸುಳ್‌ಸುಳ್ಳೇ ಜೋರಾಗ್ ಸೀನ್ತಿದ್ದ. ಆಮೇಲೆ ಅಲ್ಲಿಂದ್ಲೇ ಕೂಗ್ತಿದ್ದ, ನಗು ಬಂತೇನ್ಲಾ ಅಂತ."

"ಮೇಷ್ಟ್ರು ಏನಂತಿದ್ರು?"

"ಏನೂ ಅಂತಿರ್ಲಿಲ್ಲ. ಮುಖ ಇಲ್ದೇ ಕುಣಿಯೋನ್ನ ಕಂಡು ಹೆದ್ರಿ ಸುಮ್ನೆ ನಿಂತಿರ್ತಿದ್ದ. ಒಂದಿನ ಗುಡಿಸ್ಲಿಂದ ಯಾರೂ ಬರ್ಲಿಲ್ಲ. ಅವತ್ತೂ ಇವನು ಅಲ್ಲೇ ನಿಂತಿದ್ದ."

ನಾನು ಪೆನ್ಸಿಲು ಕೆಳಗಿಟ್ಟೆ. ಕೋಲಾರ ಸೀಮೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಮಾತು ಹೊಲದ ಬದುವಿನ ಆಚೆಯಿಂದ ಬಂದದ್ದು. ನಾನೂ ಆ ಮಾತನ್ನು ಎಷ್ಟು ಸಲ ಹೇಳಿ ನಕ್ಕಿಲ್ಲ!

ಆಮೇಲೆ ಅಕ್ಕ ಕಣ್ಣು ಕೊಡಲು ಕುಳಿತರು. ಕಣ್ಣು ಕೊಡುವವರಿಗೆ ನಾನು ಹೇಳುವುದು ಇಷ್ಟೇ: ನನ್ನನ್ನು ನೋಡಿ, ಹೋದವರನ್ನು ನೆನೆಸಿಕೊಳ್ಳಿ. ಅವರು ನೋಡಿದರು. ತೋಪಿನಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಬರೆಯುತ್ತಾ ಹೋದಂತೆ ಅವರು ರೆಪ್ಪೆ ಮಿಟುಕಿಸುತ್ತಿಲ್ಲ ಎಂದು ಗಮನಕ್ಕೆ ಬಂತು. ಮುದುಕಿಯ ಸುಕ್ಕು ಮುಖ ಹಾಗೇ ಇತ್ತು. ಕಣ್ಣು ಮಾತ್ರ ಹದಿಹರೆಯದ್ದು, ತುಂಟತನದ್ದು. ನಾನು ಎರಡನೆಯ ಕಣ್ಣು ಮುಗಿಸಿ ಕೈ ಎತ್ತಿದ್ದೇ ತಡ, ಅವರು ಸೀನಿದರು. ಜಗಲಿಯ ಮೇಲಿದ್ದ ಕೋಳಿ ಹಾರಿ ಬೀದಿಗೆ ಬಿತ್ತು. ಪುಸ್ತಕದಲ್ಲಿ ಬರೆದಿರುವ ಸೀನು ಅದೇ, ಮೊದಲು ಒಂದು ಸಣ್ಣ ಸಿಳ್ಳು, ಆಮೇಲೆ ಗುಡುಗು. ಅಕ್ಕ ಮೂಗು ಮುಟ್ಟಿಕೊಂಡು ನಮ್ಮನ್ನು ಮಿಕಮಿಕ ನೋಡಿದರು. "ನಂಗೆ ನೆಗಡಿ ಏನೂ ಇಲ್ವಲ್ಲಮ್ಮ," ಎಂದರು.

ನನಗೆ ದೆವ್ವ ಪಿಶಾಚಿಗಳಲ್ಲಿ ನಂಬಿಕೆ ಇಲ್ಲ. ಇದ್ದಿದ್ದರೆ ನಮ್ಮ ಸ್ಟುಡಿಯೋದಲ್ಲಿ ಒಂದು ದಿನವೂ ಕೂರಲಾಗುತ್ತಿರಲಿಲ್ಲ. ಮುದುಕರಿಗೆ ಹುಣಸೆಯ ಧೂಳಿಗೆ ಸೀನು ಬರುವುದು ಸಹಜ ಎಂದು ನಾನೇ ಜೋರಾಗಿ ಹೇಳಿದೆ. ಬಸ್ಸಿನಲ್ಲಿ ಯಾರೂ ಕೇಳಿರಲಿಲ್ಲ.

ಲಕ್ಕೂರಿನಲ್ಲಿ ಅಕ್ಕನ ಮಗ ಮನೆ ಅಳಿಯನಾಗಿ ನೆಲೆಸಿದ್ದ. ರೇಷ್ಮೆ ಹುಳು ಸಾಕುವ ಮನೆ. ಒಳಗೆ ತಟ್ಟೆ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಚರಚರ ಶಬ್ದ ಬಿಟ್ಟರೆ ಬೇರೆ ಸದ್ದಿಲ್ಲ. ಗಟ್ಟಿಯಾಗಿ ಮಾತಾಡಿದರೆ ಹುಳುವಿಗೆ ಆಗುವುದಿಲ್ಲವೆಂದು ಅವನು ಪಿಸುಗುಟ್ಟುತ್ತಲೇ ಇದ್ದ. ಓದುಬರಹ ಬಾರದವನು. ಮೇಷ್ಟ್ರ ಪುಸ್ತಕ ನೋಡಿದವನಲ್ಲ. ತಾಯಿ ಪ್ಲೇಗಿನ ದಿನಗಳ ಕಥೆಯನ್ನು ಮಕ್ಕಳ ಹತ್ತಿರ ಎತ್ತಿದವರೇ ಅಲ್ಲವಂತೆ. ಅವನ ಗಲ್ಲ, ಮೂಗು, ಭುಜದ ಅಳತೆ ಬರೆದುಕೊಂಡೆ. ನಿಲುವು ನೋಡಲು ಅಪ್ಪನ ಕೊಡೆಯನ್ನು ಕೈಗೆ ಕೊಟ್ಟು, "ಸುಮ್ನೆ ಹಿಡ್ಕೊಂಡ್ ನಿಲ್ಲಿ" ಎಂದೆ.

ಅವನು ಕೊಡೆ ಬಿಚ್ಚಿದ. ತಲೆಯ ಮೇಲೆ ಹಿಡಿಯಲಿಲ್ಲ. ಮುಖದ ಮುಂದೆ ಅಡ್ಡ ಹಿಡಿದು ಮೆಲ್ಲಗೆ ತಿರುಗಿಸತೊಡಗಿದ. ಹುಳುಮನೆಯ ಮಬ್ಬಿನಲ್ಲಿ ಕಪ್ಪು ಬಟ್ಟೆ ಗಿರಗಿರ ಸುತ್ತುತ್ತಿತ್ತು. ಅದರ ಕೆಳಗೆ ದಪ್ಪ ಪಾದಗಳು ಒಂದನ್ನು ಬಿಟ್ಟು ಒಂದು ಎದ್ದು ಎದ್ದು ನೆಲ ಮುಟ್ಟುತ್ತಿದ್ದವು.

"ಹಿಂಗ್ ಹಿಡ್ಕೊಳ್ಳಿ ಅಂತ ಯಾರ್ ಹೇಳಿದ್ರು?"

ಅವನು ಕೊಡೆ ಮಡಿಸಿ ನಾಚಿಕೊಂಡ. "ಯಾರೂ ಇಲ್ಲಕ್ಕ. ಕೊಡೆ ಕೈಗ್ ಬಂದ್ರೆ ನಂಗೆ ಹಿಂಗೇ ಬರ್ತದೆ."

ಕೋಲಾರಕ್ಕೆ ಬಂದು ಎಲ್ಲವನ್ನೂ ಕೂಡಿಸಿದೆ. ಅಕ್ಕನ ಕಣ್ಣು, ಅವರ ಮಗನ ಗಲ್ಲ ಮೂಗು, ಮೇಷ್ಟ್ರ ಕಿವಿ ಹಣೆ. ಸತ್ತವರಿಗೆ ಕಣ್ಣು ಕೊಡಿಸುವ ನಮ್ಮ ಹಳೆಯ ವಿಧಾನವೇ, ಈ ಸಲ ಇಡೀ ಮುಖಕ್ಕೆ. ಮುಖ ತಾನಾಗಿ ಬಂತು. ಒಂದು ಗೆರೆಯನ್ನೂ ಅಳಿಸಬೇಕಾಗಲಿಲ್ಲ. ಒಂದಾದ ಮೇಲೊಂದು ಹಾಳೆ ಬರೆಯುತ್ತಾ ಹೋದೆ: ಮಾವ ನಾಯಿಗೆ ಹೆದರಿದ್ದು, ಕಡಲೆಪುರಿ ಚೆಲ್ಲಿದ್ದು, ಹಗೇವಿಗೆ ಇಳಿದದ್ದು. ಕೊನೆಯ ಚೌಕದಲ್ಲಿ ಶಿಷ್ಯನ ಮುಂದೆ ನಿಂತು ತನ್ನ ಮಾಮೂಲಿ ಪ್ರಶ್ನೆ ಕೇಳಿದ್ದು. ಮಾತುಗಳನ್ನು ಆಮೇಲೆ ಅಚ್ಚಿನ ಮೊಳೆಯಲ್ಲಿ ಕೂರಿಸುವುದೆಂದು ಆಗಿತ್ತು. ಹಾಗಾಗಿ ಅವನ ಬಾಯಿ ತೆರೆದಿತ್ತು, ಕೆಳಗಿನ ಜಾಗ ಖಾಲಿ ಇತ್ತು.

ಹಾಳೆಗಳನ್ನು ಒಣಗಲು ಗೋಡೆಗೆ ಸಾಲಾಗಿ ಒರಗಿಸಿದ್ದೆ. ಫೋಟೋ ತೆಗೆಸಲು ಬಂದ ಹೆಂಗಸರು ಸೆರಗು ಸರಿಮಾಡಿಕೊಂಡು ಬೇರೆ ಬೆಂಚಿಗೆ ಹೋಗಿ ಕೂರುತ್ತಿದ್ದರು. ಒಂದು ಮಗು ಅವುಗಳ ಮುಂದೆ ನಿಂತು ಅತ್ತಿತು. ಎಷ್ಟೋ ಹೆಣಗಳ ಎದುರು ನಿಂತು ಅಲ್ಲಾಡಬೇಡಿ ಎಂದಿದ್ದ ಅಪ್ಪ ಕೂಡ ಒಂದು ದಿನ ಎಲ್ಲ ಹಾಳೆಗಳನ್ನೂ ಮಗುಚಿ ಗೋಡೆಗೆ ಮುಖ ಮಾಡಿಟ್ಟರು. ಯಾಕೆ ಎಂದು ಕೇಳಿದ್ದಕ್ಕೆ, "ಧೂಳು ಬೀಳುತ್ತೆ" ಎಂದರು.

ಏನಾಗಿದೆಯೆಂದು ಹೇಳಿದವರು ಯಜಮಾನರು. ಹಾಳೆ ತಿರುವುತ್ತಾ ತಿರುವುತ್ತಾ ಅವರ ಕೈ ನಿಧಾನವಾಯಿತು.

"ಅಲ್ಲಮ್ಮ, ಇವನು ಕಳ್ಳನ್ನ ನೋಡೋದ್ ಬಿಟ್ಟು ನನ್ಯಾಕ್ ನೋಡ್ತಾನೆ?"

ಆಗ ಕಂಡಿತು. ನಾಯಿ ಎಡಕ್ಕಿದ್ದರೂ ಮಾವನ ಕಣ್ಣು ಇಲ್ಲಿ. ಕಳ್ಳ ಬಲಕ್ಕೆ ಓಡಿದರೂ ಕಣ್ಣು ಇಲ್ಲಿ. ಹಗೇವಿನ ಚೌಕದಲ್ಲಿ ಕರಿ ಗುಂಡಿಯೊಳಗಿಂದ ಎರಡು ಬಿಳಿ ಕಣ್ಣು ಮಾತ್ರ ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದವು. ಬೇರೆ ಯಾವ ಚಿತ್ರಗಾರನೂ ಮಾಡದ ತಪ್ಪು ಅದು. ನನ್ನ ಕೈಗೆ ಗೊತ್ತಿದ್ದದ್ದು ಒಂದೇ ನೋಟ, ಗೋಡೆಯ ಮೇಲಿನ ಹಿರಿಯರದ್ದು. ಅದನ್ನೇ ಪ್ರತಿ ಚೌಕಕ್ಕೂ ಇಟ್ಟುಬಿಟ್ಟಿದ್ದೆ.

"ಕಣ್ಣು ಪಕ್ಕಕ್ ತಿರುಗ್ಸು, ಅಚ್ಚಿಗೆ ಬ್ಲಾಕ್ ಮಾಡ್ಸೋಣ. ಇಲ್ದಿದ್ರೆ ಯಾರೂ ನಗಲ್ಲ, ಹೆದರ್ಕೋತಾರೆ," ಎಂದು ಎದ್ದು ಹೋದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬೇರೆ ಕಾಗದದ ಮೇಲೆ ಅದೇ ಮುಖ ಬರೆದು ಪಾಪೆಯನ್ನು ಕಳ್ಳನ ಕಡೆ ತಿರುಗಿಸಿ ನೋಡಿದೆ. ಕೂಡಲೇ ಆ ಮುಖ ಯಾರದ್ದೋ ಆಯಿತು, ಸಂತೆಯಲ್ಲಿ ಕಂಡ ಯಾವನೋ ದಪ್ಪ ಮನುಷ್ಯ. ಮತ್ತೆ ಬರೆದೆ, ಮತ್ತೆ ಹಾಗೇ ಆಯಿತು. ಅಷ್ಟರಲ್ಲಿ ಮುಳಬಾಗಿಲಿನಿಂದ ಬಂದವರೊಬ್ಬರು ಮೇಷ್ಟ್ರಿಗೆ ಈಗ ಊಟದ ತಟ್ಟೆಯೂ ಕಾಣುವುದಿಲ್ಲ, ನಡು ಬಿಸಿಲಿನಲ್ಲಿ ಮೂಗಿನ ಹತ್ತಿರ ಹಿಡಿದರೆ ಮಾತ್ರ ಏನೋ ಕಾಣುತ್ತದಂತೆ ಎಂದರು. ತಿದ್ದುವುದನ್ನು ಅಲ್ಲಿಗೇ ಬಿಟ್ಟು ಹಾಳೆಗಳನ್ನು ಹಾಗೇ ಕಟ್ಟಿಕೊಂಡು ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಮುಖ ಅವರ ಅಣ್ಣನದಲ್ಲದಿದ್ದರೆ ಇನ್ನೊಂದು ಬರೆದು ತರುವಷ್ಟು ಬೆಳಕು ಅವರಲ್ಲಿ ಉಳಿದಿರಲಿಲ್ಲ.

ಮೇಷ್ಟ್ರು ಅಂಗಳದಲ್ಲಿ, ಬಿಸಿಲು ನೆತ್ತಿಗೆ ಹೊಡೆಯುವ ಜಾಗದಲ್ಲಿ, ಗೋಡೆಯ ಪಕ್ಕ ಚಾಪೆ ಹಾಕಿಕೊಂಡು ಕುಳಿತರು. ಮೊದಲ ಹಾಳೆಯನ್ನು ಕೈಗಿಟ್ಟೆ. ಅದನ್ನು ಕೆನ್ನೆಗೆ ತಾಗುವಷ್ಟು ಹತ್ತಿರ ತಂದು, ವಾಸನೆ ನೋಡುವವರಂತೆ ಚೌಕದಿಂದ ಚೌಕಕ್ಕೆ ಮುಖ ಸರಿಸುತ್ತಾ ಹೋದರು. ಎರಡನೆಯದು ಕೊಟ್ಟೆ. ಆಮೇಲಿನದೂ ಕೊಟ್ಟೆ. ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತಿದ್ದರು.

"ಇವನು ಕಳ್ಳನ್ನ ನೋಡ್ತಿಲ್ಲ," ಎಂದರು ಮೇಷ್ಟ್ರು.

"ಹೌದು ಮೇಷ್ಟ್ರೇ. ಕೈ ತಪ್ಪಿದೆ. ತಿದ್ಕೊಡ್ತೀನಿ."

"ಮುಟ್ಬೇಡ."

ಕೊನೆಯ ಹಾಳೆಗೆ ಬಂದರು. ಅದರ ಕೊನೆಯ ಚೌಕದಲ್ಲಿ ಮಾವನ ಕೈಯಲ್ಲಿ ಕೊಡೆ ಇದೆ. ಮುಖಕ್ಕೆ ಅಡ್ಡ ಇಲ್ಲ, ಮಡಿಸಿ ಕಾಲಿನ ಪಕ್ಕಕ್ಕೆ ಇಳಿಸಿದ್ದಾನೆ. ಹಾಗೆ ಬರೆಯಬೇಕೆಂದು ನಾನೇನೂ ಯೋಚಿಸಿರಲಿಲ್ಲ. ಮುಖ ತೋರಿಸಬೇಕಲ್ಲ ಎಂದು ಬರೆದದ್ದು ಅಷ್ಟೇ. ಮೇಷ್ಟ್ರು ಆ ಚೌಕದ ಮೇಲೆ ಕಣ್ಣಿಟ್ಟು ಅಲ್ಲಾಡದೆ ಕುಳಿತರು. ಬೆಟ್ಟದ ಕಡೆಯಿಂದ ಗಾಳಿ ಬಂದು ಹಾಳೆಯ ಅಂಚು ಪಟಪಟ ಎಂದಿತು. ಕೆಳಗೆ ಮಾತಿನ ಜಾಗ ಖಾಲಿ ಇತ್ತು. ಅಲ್ಲಿ ಅವರಿಗೆ ಓದಲು ಏನೂ ಇರಲಿಲ್ಲ, ಯಾರೂ ಏನೂ ಕೇಳಿರಲಿಲ್ಲ.

"ಬಂತಣ್ಣ," ಎಂದರು ಅವರು. ಅದು ವಯಸ್ಸಾದವರ ದನಿಯಾಗಿರಲಿಲ್ಲ. "ನಗು ಬಂತು."

ಹಾಗೆಂದು ನಕ್ಕರು. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಆದರೂ ಅದು ನಗುವೇ. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಅಪ್ಪ ಅವಸರಿಸಿದಾಗ ಹಾಳೆ ಕಟ್ಟಲು ಬಗ್ಗಿದೆ. ಕೊನೆಯ ಹಾಳೆ ಮೇಷ್ಟ್ರ ಮೊಣಕಾಲಿನ ಪಕ್ಕದಲ್ಲಿ ಚಾಪೆಯ ಮೇಲಿತ್ತು. ಎತ್ತಿ ನೋಡಿದೆ. ಮಾವ ನನ್ನನ್ನು ನೋಡುತ್ತಿರಲಿಲ್ಲ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ದೂರ ಹಿಡಿದೆ. ಆ ಕಣ್ಣು ನನ್ನನ್ನು ದಾಟಿ, ಗೋಡೆಗೊರಗಿ ಕಣ್ಣು ಮುಚ್ಚಿ ಕುಳಿತಿದ್ದ ಮೇಷ್ಟ್ರ ಕಡೆಗೇ ನೆಟ್ಟಿತ್ತು. ಬಿಸಿಲಿನಲ್ಲಿ ಅಷ್ಟು ಹೊತ್ತು ಕುಳಿತದ್ದಕ್ಕೆ ನನ್ನ ಕಣ್ಣು ಮಂಜಾಗಿರಬೇಕು, ಅತ್ತದ್ದಕ್ಕೂ ಇರಬಹುದು. ಕಟ್ಟಲು ತಂದಿದ್ದ ದಾರವನ್ನು ಚೀಲಕ್ಕೆ ಹಾಕಿಕೊಂಡು, ಹಾಳೆಗಳನ್ನು ಅವರ ಪಕ್ಕದಲ್ಲೇ ಬಿಟ್ಟು ಬಂದೆ.